ತುಮಕೂರಿನಿಂದ ಅಮೆರಿಕಕ್ಕೆ ಹೋಗುವಾಗ ಯಾವ ಸಾಮಾನು ಒಯ್ಯಬೇಕು?

ತಲಾ 23 ಕೆಜಿಯ ಎರಡು ಸೂಟ್‌ಕೇಸ್ ಇವೆ. ಮಿಕ್ಸಿ, ಕುಕ್ಕರ್, ಕೊಬ್ಬರಿಯಲ್ಲಿ ಯಾವುದನ್ನು ತುಂಬಲಿ ಅಂತ ಕೇಳಿದ್ದೀರಿ.

ಮಿಕ್ಸಿ ಬಿಟ್ಟುಬಿಡಿ. ನಮ್ಮಲ್ಲಿ ಕರೆಂಟ್ 230 ವೋಲ್ಟ್, ಅಲ್ಲಿ 120. ಅಡಾಪ್ಟರ್ ಹಾಕಿದರೆ ಪಿನ್ನು ಹೊಂದುತ್ತದೆ ಅಷ್ಟೇ, ವೋಲ್ಟೇಜ್ ಬದಲಾಗುವುದಿಲ್ಲ. ನಮ್ಮಂಥ ಮಿಕ್ಸಿ ಅಲ್ಲಿಯೂ ಸಿಗುತ್ತದೆ. ಚಾರ್ಜರ್ ಮೇಲೆ 100-240 ವೋಲ್ಟ್ ಅಂತಿದ್ದರೆ ಧೈರ್ಯವಾಗಿ ಒಯ್ಯಿರಿ. ಕುಕ್ಕರ್ ಬೇಕೇಬೇಕು ಅಂದರೆ ಚಿಕ್ಕದು ಸಾಕು, ಜೊತೆಗೆ ಎರಡು ಗ್ಯಾಸ್ಕೆಟ್ ಇರಲಿ.

ಕೊಬ್ಬರಿ ವಿಷಯ ಮುಖ್ಯ. ತಿಪಟೂರು ಸೀಮೆಯವರಿಗೆ ಅದಿಲ್ಲದೆ ಅಡುಗೆಯೇ ಇಲ್ಲ, ಅಲ್ವಾ? ಆದರೆ ಅದರಲ್ಲಿ ಎಣ್ಣೆ ಜಾಸ್ತಿ. ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿದೆ, ಹಾಗಾಗಿ ವಿಮಾನಕ್ಕೆ ಬಿಡುವುದಿಲ್ಲ. ಅಮ್ಮ ಆರಿಸಿ ಕಟ್ಟಿಕೊಟ್ಟ ಗಿಟುಕುಗಳನ್ನು ನಾನು ಏರ್‌ಪೋರ್ಟಿನಲ್ಲೇ ಬಿಟ್ಟು ಹೋಗಬೇಕಾಯಿತು. ಈಗಲೂ ನೆನೆದರೆ ಸಂಕಟವಾಗುತ್ತದೆ. ಹಸಿ ಕರಿಬೇವನ್ನೂ ಅಮೆರಿಕದೊಳಗೆ ಬಿಡುವುದಿಲ್ಲ, ಅದರ ಜೊತೆ ಹೋಗುವ ಕೀಟದಿಂದ ಅಲ್ಲಿನ ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುತ್ತದೆ. ಸಾರಿನ ಪುಡಿಯನ್ನು ಚೆನ್ನಾಗಿ ಸೀಲ್ ಮಾಡಿಸಿ. ಇಳಿದ ಮೇಲೆ ಕಸ್ಟಮ್ಸ್‌ನವರಿಗೆ ತಿಂಡಿ, ಪುಡಿ ಎಲ್ಲ ಇದೆ ಅಂತ ತಪ್ಪದೆ ಹೇಳಿ.

ಜನನ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್, ಮದುವೆ ಸರ್ಟಿಫಿಕೇಟ್, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಮಕ್ಕಳಿದ್ದರೆ ಲಸಿಕೆ ಕಾರ್ಡ್ ಮರೆಯಬೇಡಿ, ಶಾಲೆಗೆ ಸೇರಿಸುವಾಗ ಕೇಳುತ್ತಾರೆ.

ಜಾಗ ಉಳಿದರೆ ಅಜ್ಜಿಯ ಒಂದು ಹಳೇ ಸೀರೆ ಇಟ್ಟುಕೊಳ್ಳಿ. ಅದು ಅಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.