ಓದುಗರ ಪ್ರಶ್ನೆ: ನೂರು ಅಧ್ಯಾಯ ಬ್ಯಾಚ್‌ಗೆ ಹಾಕಿ ಮಲಗಬಹುದಾ?

ಚೀನೀ, ಕೊರಿಯನ್, ಜಪಾನೀ ವೆಬ್ ಕಾದಂಬರಿಗಳನ್ನು ಆನ್‌ಲೈನ್ ಅನುವಾದ ಟೂಲ್‌ಗೆ ಹಾಕಿ ಕನ್ನಡದಲ್ಲಿ ಓದುವವರಿಂದ ಈ ಸಲ ತುಂಬಾ ಪ್ರಶ್ನೆಗಳು ಬಂದಿವೆ. ಹೆಚ್ಚಿನವು ಬ್ಯಾಚ್ ಬಗ್ಗೆಯೇ. ಅಂದರೆ ಒಂದೊಂದೇ ಅಧ್ಯಾಯ ಹಾಕಿ ಕಾಯುವ ಬದಲು ಐವತ್ತೋ ನೂರೋ ಒಟ್ಟಿಗೆ ಕೊಟ್ಟು, ಅದರ ಪಾಡಿಗೆ ಅದು ನಡೆಯಲಿ ಅಂತ ಬಿಡುವುದು. ಹಾಗಾಗಿ ಈ ಸಂಚಿಕೆ ಪೂರ್ತಿ ಇದಕ್ಕೇ.

ಪ್ರಶ್ನೆ: ಒಂದು ಚೀನೀ ಕಾದಂಬರಿಯ 200 ಅಧ್ಯಾಯಗಳನ್ನು ರಾತ್ರಿ ಮೊಬೈಲ್‌ನಲ್ಲಿ ಬ್ಯಾಚ್‌ಗೆ ಹಾಕಿ ಮಲಗಿದೆ. ‘ಬ್ಯಾಕ್‌ಗ್ರೌಂಡ್‌ನಲ್ಲಿ ನಡೆಯುತ್ತದೆ’ ಅಂತ ಟೂಲ್‌ನಲ್ಲೇ ಬರೆದಿತ್ತು. ಬೆಳಿಗ್ಗೆ ನೋಡಿದರೆ ಇಪ್ಪತ್ತೂ ಆಗಿರಲಿಲ್ಲ. ಯಾಕೆ? (ಓದುಗರೊಬ್ಬರು, ದಾವಣಗೆರೆ)

ಬ್ಯಾಕ್‌ಗ್ರೌಂಡ್ ಅನ್ನುವುದರಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಕೆಲಸ ನಡೆಯುವುದು ಟೂಲ್‌ನವರ ಸರ್ವರ್‌ನಲ್ಲಿ, ನೀವು ಮೊಬೈಲ್ ಆಫ್ ಮಾಡಿದರೂ ಅದು ನಿಲ್ಲುವುದಿಲ್ಲ. ಇನ್ನೊಂದರಲ್ಲಿ ಕೆಲಸ ನಡೆಯುವುದು ನಿಮ್ಮ ಬ್ರೌಸರ್ ಒಳಗೇ. ಆ ಟ್ಯಾಬ್ ಜೀವಂತ ಇರುವವರೆಗೆ ಮಾತ್ರ ಅಧ್ಯಾಯಗಳು ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ. ನಿಮ್ಮದು ಎರಡನೆಯ ಬಗೆ ಅಂತ ಕಾಣುತ್ತದೆ.

ಬ್ಯಾಟರಿ ಉಳಿಸಲಿಕ್ಕಾಗಿ ಬ್ರೌಸರ್‌ಗಳು ಕಣ್ಣಿಗೆ ಕಾಣದ ಟ್ಯಾಬ್‌ಗಳನ್ನು ಬೇಕಂತಲೇ ನಿಧಾನ ಮಾಡುತ್ತವೆ. ಕ್ರೋಮ್ ಅಂತೂ 2021ರಿಂದ, ಐದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಮರೆಯಲ್ಲಿ ಸುಮ್ಮನಿರುವ ಟ್ಯಾಬ್‌ನ ಟೈಮರ್‌ಗಳನ್ನು (ಮುಂದಿನ ಕೆಲಸವನ್ನು ಶುರು ಮಾಡಿಸುವ ಒಳಗಿನ ಗಡಿಯಾರಗಳನ್ನು) ನಿಮಿಷಕ್ಕೊಮ್ಮೆ ಮಾತ್ರ ಏಳಲು ಬಿಡುತ್ತದೆ. ಮೊಬೈಲ್‌ನಲ್ಲಿ ಇನ್ನೂ ಬಿಗಿ. ಸ್ಕ್ರೀನ್ ಆಫ್ ಆದ ಸ್ವಲ್ಪ ಹೊತ್ತಿಗೆ ಆ್ಯಂಡ್ರಾಯ್ಡ್ ಬ್ರೌಸರನ್ನೇ ಮಲಗಿಸಬಹುದು, ಮೆಮೊರಿ ಸಾಲದಿದ್ದರೆ ಮುಚ್ಚಿಯೂ ಬಿಡಬಹುದು. ಚಾರ್ಜ್‌ಗೆ ಹಾಕಿದ್ದೀರಿ ಅಂದಮಾತ್ರಕ್ಕೆ ಇದು ತಪ್ಪುವುದಿಲ್ಲ.

ನಿಮ್ಮ ಟೂಲ್ ಯಾವ ಬಗೆಯದು ಅಂತ ಅವರನ್ನು ಕೇಳುವುದಕ್ಕಿಂತ ನೀವೇ ನೋಡುವುದು ಒಳ್ಳೆಯದು. ನಾಲ್ಕೈದು ಅಧ್ಯಾಯ ಬ್ಯಾಚ್‌ಗೆ ಹಾಕಿ, ಬ್ರೌಸರ್ ಪೂರ್ತಿ ಮುಚ್ಚಿ, ಅರ್ಧ ಗಂಟೆ ಬಿಟ್ಟು ಬೇರೆ ಮೊಬೈಲ್‌ನಲ್ಲೋ ಕಂಪ್ಯೂಟರ್‌ನಲ್ಲೋ ಅದೇ ಖಾತೆಗೆ ಹೋಗಿ ನೋಡಿ. ಎಲ್ಲ ಮುಗಿದಿದ್ದರೆ ಸರ್ವರ್ ಬಗೆ, ನೆಮ್ಮದಿಯಾಗಿ ಮಲಗಿ. ಮುಗಿದಿಲ್ಲದಿದ್ದರೆ ಇದು ಕಂಪ್ಯೂಟರ್‌ನಲ್ಲೇ ಮಾಡಬೇಕಾದ ಕೆಲಸ. ಆ ಟ್ಯಾಬನ್ನು ಬೇರೆ ಕಿಟಕಿಯಲ್ಲಿ ಕಾಣುವಂತೆ ಇಟ್ಟು, ಕಂಪ್ಯೂಟರ್ ಸ್ಲೀಪ್‌ಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿ. ಬ್ರೌಸರ್ ಬಗೆಯ ಟೂಲ್‌ಗಳಲ್ಲಿ ಅನುವಾದವೂ ಎಷ್ಟೋ ಸಲ ಬ್ರೌಸರ್‌ನಲ್ಲೇ ಉಳಿದಿರುತ್ತದೆ, ಹಿಸ್ಟರಿ ಜೊತೆ ಸೈಟ್ ಡೇಟಾವನ್ನೂ ಅಳಿಸಿದರೆ ಅದೂ ಹೋಯಿತು ಅಂತಲೇ. ಆದ್ದರಿಂದ ಮುಗಿದಷ್ಟನ್ನು ಆಗಾಗ ಡೌನ್‌ಲೋಡ್ ಮಾಡಿಕೊಳ್ಳಿ.

ಪ್ರಶ್ನೆ: ಒಂದೊಂದೇ ಅಧ್ಯಾಯ ಹಾಕುವಾಗ ಚೆನ್ನಾಗಿಯೇ ಬರುತ್ತಿತ್ತು. ಬ್ಯಾಚ್ ಶುರು ಮಾಡಿದ ಮೇಲೆ ನಾಯಕಿ ಒಂದು ಅಧ್ಯಾಯದಲ್ಲಿ ‘ಬಂದಳು’, ಮುಂದಿನದರಲ್ಲಿ ‘ಬಂದನು’. ಹೆಸರೂ ಮೂರು ಥರ. ಶಿಷ್ಯ ಗುರುವಿಗೆ ‘ನೀನು’ ಅನ್ನುತ್ತಾನೆ. ಟೂಲ್ ಬದಲಿಸಬೇಕಾ? (ಓದುಗರೊಬ್ಬರು, ಹುಬ್ಬಳ್ಳಿ)

ಬದಲಿಸಬೇಕಿಲ್ಲ. ಬದಲಿಸಿದರೂ ಹೊಸದರಲ್ಲಿ ಇದೇ ಕಾಟ ಬರುತ್ತದೆ.

ಬ್ಯಾಚ್ ಬೇಗ ಮುಗಿಯುವುದೇ ಅಧ್ಯಾಯಗಳು ಒಂದಕ್ಕೊಂದು ಕಾಯದೆ ಬೇರೆ ಬೇರೆಯಾಗಿ ಹೋಗುವುದರಿಂದ. ನೂರು ಅನುವಾದಕರಿಗೆ ಒಂದೊಂದು ಅಧ್ಯಾಯ ಹರಿದು ಕೊಟ್ಟು, ಒಬ್ಬರ ಜೊತೆ ಒಬ್ಬರು ಮಾತಾಡಬೇಡಿ ಅಂದಹಾಗೆ ಇದು. 41ನೇ ಅಧ್ಯಾಯಕ್ಕೆ 40ರಲ್ಲಿ ಏನಾಯಿತು ಅನ್ನುವುದು ಗೊತ್ತೇ ಇರುವುದಿಲ್ಲ. ನೀವು ಒಂದೊಂದೇ ಹಾಕುತ್ತಿದ್ದಾಗ ಟೂಲ್ ಹಿಂದಿನ ಅಧ್ಯಾಯದ ಕೊನೆಯ ಭಾಗವನ್ನೋ ಸಾರಾಂಶವನ್ನೋ ಜೊತೆಗೆ ಕಳಿಸುತ್ತಿದ್ದಿರಬೇಕು, ಬ್ಯಾಚ್‌ನಲ್ಲಿ ಅದು ತಪ್ಪಿದೆ.

ಇಂಗ್ಲಿಷ್‌ಗೆ ಅನುವಾದ ಮಾಡುವವರಿಗಿಂತ ನಮಗೆ ಇದರ ಪೆಟ್ಟು ಜಾಸ್ತಿ. ಕೊರಿಯನ್, ಜಪಾನೀ ವಾಕ್ಯಗಳಲ್ಲಿ ಎಷ್ಟೋ ಸಲ ಯಾರು ಅನ್ನುವುದೇ ಇರುವುದಿಲ್ಲ, ಚೀನೀ ಭಾಷೆಯಲ್ಲೂ ಅದನ್ನು ಬಿಡುವುದುಂಟು, ಕ್ರಿಯಾಪದ ನೋಡಿದರೆ ಗಂಡೋ ಹೆಣ್ಣೋ ತಿಳಿಯುವುದೂ ಇಲ್ಲ. ಆದರೆ ಕನ್ನಡದಲ್ಲಿ ಕ್ರಿಯಾಪದ ಮುಗಿಸಬೇಕಾದರೆ ಬಂದನಾ, ಬಂದಳಾ, ಬಂದರಾ ಅಂತ ತೀರ್ಮಾನ ಮಾಡಲೇಬೇಕು. ಆ ಅಧ್ಯಾಯದಲ್ಲಿ ಸುಳಿವು ಇಲ್ಲದಿದ್ದರೆ ಯಂತ್ರ ಊಹಿಸುತ್ತದೆ. ನೂರು ಅಧ್ಯಾಯದಲ್ಲಿ ನೂರು ಊಹೆ, ಅದರಲ್ಲಿ ಕೆಲವು ತಪ್ಪಾಗುತ್ತವೆ ಅಷ್ಟೆ.

ಇದಕ್ಕೆ ಮದ್ದು ಗ್ಲಾಸರಿ, ಅಂದರೆ ಹೆಸರು, ಪದಗಳನ್ನು ಹೇಗೆ ಅನುವಾದಿಸಬೇಕು ಅಂತ ನೀವು ಬರೆದುಕೊಡುವ ಪಟ್ಟಿ. ಬಹುಪಾಲು ಟೂಲ್‌ಗಳಲ್ಲಿ ಇರುತ್ತದೆ, ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಇಲ್ಲಿ ಬರೆದದ್ದು ಪ್ರತಿ ಅಧ್ಯಾಯದ ಜೊತೆಗೂ ಹೋಗುತ್ತದೆ, ಹಾಗಾಗಿ ಆ ನೂರು ಅನುವಾದಕರ ಕೈಗೂ ಒಂದೇ ಚೀಟಿ ಸಿಗುತ್ತದೆ. ಬರೀ ಹೆಸರು ಬರೆದು ನಿಲ್ಲಿಸಬೇಡಿ. ಮೂಲ ಲಿಪಿಯಲ್ಲಿ ಹೆಸರು, ಅದರ ಕನ್ನಡ ರೂಪ, ಗಂಡೋ ಹೆಣ್ಣೋ, ಅಡ್ಡಹೆಸರು ಇದ್ದರೆ ಅದೂ ಇವರದೇ ಅನ್ನುವುದು, ಇಷ್ಟು ಬೇಕು. ಜೊತೆಗೆ ಯಾರು ಯಾರಿಗೆ ನೀನು, ಯಾರು ಯಾರಿಗೆ ನೀವು ಅನ್ನುವುದು ಬೇಕೇ ಬೇಕು. ‘ಶಿಷ್ಯರು ಗುರುಗಳಿಗೆ ಯಾವಾಗಲೂ ನೀವು ಅನ್ನುತ್ತಾರೆ, ಗುರು ಶಿಷ್ಯರಿಗೆ ನೀನು ಅನ್ನುತ್ತಾರೆ’ ಅಂತ ಕನ್ನಡದಲ್ಲೇ ಒಂದು ಸಾಲು ಬರೆದರೂ ಎಷ್ಟೋ ಸರಿಹೋಗುತ್ತದೆ. ಚೀನೀ ಸಮರಕಲೆ-ಸಾಧನೆಯ ಕಾದಂಬರಿಯಾದರೆ ಸಾಧನೆಯ ಹಂತಗಳಿಗೆ, ಪಂಥಗಳಿಗೆ, ಆಯುಧಗಳಿಗೆ ಹೆಸರು ನೀವೇ ಗೊತ್ತುಮಾಡಿ. ಇಲ್ಲದಿದ್ದರೆ ಒಂದು ಕಡೆ ಅನುವಾದ, ಇನ್ನೊಂದು ಕಡೆ ಚೀನೀ ಉಚ್ಚಾರ, ಮತ್ತೊಂದು ಕಡೆ ಇಂಗ್ಲಿಷ್ ಬಂದು ಕೂರುತ್ತದೆ.

ಈ ಚೀಟಿಯನ್ನು ಕೂತಲ್ಲೇ ಬರೆಯಲಿಕ್ಕಾಗುವುದಿಲ್ಲ, ಓದುತ್ತಾ ಬೆಳೆಸಬೇಕು. ಮೊದಲ ಹತ್ತು ಅಧ್ಯಾಯ ಒಂದೊಂದಾಗಿ ಹಾಕಿ ಓದಿ, ಗ್ಲಾಸರಿ ತುಂಬಿ, ಆಮೇಲೆ ಇಪ್ಪತ್ತೈದರ ಬ್ಯಾಚ್ ಬಿಡಿ. ಅದನ್ನು ಓದುವಾಗ ಹೊಸ ಪಾತ್ರ ಬಂದರೆ ಸೇರಿಸಿ, ಮತ್ತೆ ಇಪ್ಪತ್ತೈದು. ಸಾವಿರ ಅಧ್ಯಾಯವನ್ನೂ ಒಂದೇ ರಾತ್ರಿ ಮುಗಿಸುವ ಆಸೆ ಬೇಡ ಅನ್ನುತ್ತೇನೆ. ದಿನಕ್ಕೆ ನೀವು ಓದುವುದು ನಾಲ್ಕೋ ಐದೋ, ಅಲ್ವಾ? 300ನೇ ಅಧ್ಯಾಯದಲ್ಲಿ, ಗಂಡಸು ಅಂದುಕೊಂಡ ಪಾತ್ರ ವೇಷ ಮರೆಸಿಕೊಂಡ ಹೆಣ್ಣು ಅಂತ ಗೊತ್ತಾದರೆ ಮುಂದಿನ ಏಳುನೂರನ್ನೂ ಮತ್ತೆ ಹಾಕಬೇಕಾಗುತ್ತದೆ. ನಿಮ್ಮ ಟೂಲ್‌ನಲ್ಲಿ ಬ್ಯಾಕ್‌ಗ್ರೌಂಡ್‌ನಲ್ಲೇ ‘ಸಾಲಾಗಿ’ ಮಾಡುವ ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ. ನಿಧಾನ ನಿಜ, ಆದರೆ ಹಿಂದಿನ ಅಧ್ಯಾಯದ ನೆನಪು ಮುಂದಿನದಕ್ಕೆ ಸಿಗುತ್ತದೆ.

ಪ್ರಶ್ನೆ: ಬ್ಯಾಚ್‌ನಲ್ಲಿ ಹಾಕಿದರೆ ಅರ್ಧ ದುಡ್ಡು ಅನ್ನುತ್ತಾರೆ, ನಿಜವಾ? (ಓದುಗರೊಬ್ಬರು, ಮೈಸೂರು)

ಎಲ್ಲ ಕಡೆ ಅಲ್ಲ. ಎಷ್ಟೋ ಟೂಲ್‌ಗಳು ಅನುವಾದಕ್ಕೆ ಬಳಸುವ ಎಐ ಮಾಡೆಲ್‌ಗಳ ಕಂಪನಿಗಳಲ್ಲಿ ಓಪನ್‌ಎಐ 2024ರ ಏಪ್ರಿಲ್‌ನಲ್ಲಿ, ಆಂಥ್ರಾಪಿಕ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ಯಾಚ್ ಸೌಲಭ್ಯ ತಂದವು. ಎರಡರದೂ ಒಂದೇ ಲೆಕ್ಕ: ಉತ್ತರಕ್ಕೆ 24 ಗಂಟೆಯವರೆಗೆ ಕಾಯಲು ತಯಾರಿದ್ದರೆ ಅರ್ಧ ದರ. ನಿಮ್ಮ ಟೂಲ್ ತೆರೆಮರೆಯಲ್ಲಿ ಇದನ್ನು ಬಳಸಿದರೆ ಮಾತ್ರ ಉಳಿತಾಯ. ಅಧ್ಯಾಯಗಳನ್ನು ಸಾಲಿನಲ್ಲಿಟ್ಟು ಮಾಮೂಲಿ ದಾರಿಯಲ್ಲೇ ಕಳಿಸುವ ಟೂಲ್ ಕೂಡ ಅದನ್ನು ಬ್ಯಾಚ್ ಅಂತಲೇ ಕರೆಯುತ್ತದೆ, ಅಲ್ಲಿ ಪೂರ್ತಿ ದುಡ್ಡು. ಟೂಲ್‌ಗೆ ನಿಮ್ಮದೇ ಕೀ (ಎಐ ಕಂಪನಿಯಲ್ಲಿ ನಿಮ್ಮ ಖಾತೆಗೆ ಸಿಗುವ ಗುಪ್ತ ಸಂಕೇತ) ಹಾಕಿದ್ದರೆ ಸಣ್ಣ ಬ್ಯಾಚ್ ಒಂದನ್ನು ಬಿಟ್ಟು, ಆ ಕಂಪನಿಯ ಪುಟದಲ್ಲಿ ಬಳಕೆಯ ಲೆಕ್ಕ ನೋಡಿದರೆ ತಿಳಿಯುತ್ತದೆ. ಒಂದು ಗಂಟೆ ಆದರೂ ಏನೂ ಬಂದಿಲ್ಲ ಅಂತ ಅದೇ ಅಧ್ಯಾಯಗಳನ್ನು ಮತ್ತೆ ಹಾಕಬೇಡಿ, ಎರಡೂ ಓಡಿ ಎರಡು ಸಲ ದುಡ್ಡು ಹೋಗುತ್ತದೆ.

ಪ್ರಶ್ನೆ: ಬ್ಯಾಚ್ ‘ಯಶಸ್ವಿ’ ಅಂತ ಬಂದರೂ ಕೆಲವು ಅಧ್ಯಾಯ ಅರ್ಧಕ್ಕೇ ನಿಂತಿವೆ. (ಓದುಗರೊಬ್ಬರು, ಬೆಂಗಳೂರು)

ಯಶಸ್ವಿ ಅಂದರೆ ಉತ್ತರ ಬಂತು ಅಂತ ಅಷ್ಟೇ, ಪೂರ್ತಿ ಬಂತು ಅಂತಲ್ಲ. ಒಂದು ಉತ್ತರ ಎಷ್ಟು ಉದ್ದ ಇರಬಹುದು ಅನ್ನುವುದಕ್ಕೆ ಟೋಕನ್ (ಯಂತ್ರ ಬರಹವನ್ನು ಒಡೆದುಕೊಳ್ಳುವ ಸಣ್ಣ ಚೂರು) ಲೆಕ್ಕದಲ್ಲಿ ಮಿತಿ ಇರುತ್ತದೆ. ಅದೇ ವಿಷಯಕ್ಕೆ ಇಂಗ್ಲಿಷ್‌ಗಿಂತ ಕನ್ನಡಕ್ಕೆ ಟೋಕನ್ ಜಾಸ್ತಿ ಬೇಕು, ಹಾಗಾಗಿ ಇಂಗ್ಲಿಷ್‌ನಲ್ಲಿ ಆರಾಮಾಗಿ ಹಿಡಿಸುವ ಅಧ್ಯಾಯ ಕನ್ನಡದಲ್ಲಿ ನಡುವೆ ಕತ್ತರಿಸಿಹೋಗಬಹುದು. ಉದ್ದದ ಅಧ್ಯಾಯಗಳನ್ನು ಎರಡು ಭಾಗ ಮಾಡಿ ಹಾಕಿ, ಟೂಲ್‌ನಲ್ಲಿ ಉತ್ತರದ ಮಿತಿ ಏರಿಸುವ ಸೆಟ್ಟಿಂಗ್ ಇದ್ದರೆ ಏರಿಸಿ. ಪ್ರತಿ ಅಧ್ಯಾಯದ ಕೊನೆಯ ಪ್ಯಾರಾ ಮೂಲದ ಜೊತೆ ಹೊಂದುತ್ತದಾ ಅಂತಲೂ ಒಮ್ಮೆ ಕಣ್ಣಾಡಿಸಿ. ಉತ್ತರಗಳು ಕಳಿಸಿದ ಕ್ರಮದಲ್ಲೇ ವಾಪಸ್ ಬರುತ್ತವೆ ಅನ್ನುವ ಖಾತ್ರಿಯೂ ಇಲ್ಲ. ಆದ್ದರಿಂದ ಫೈಲ್ ಹೆಸರಲ್ಲೇ ಅಧ್ಯಾಯದ ಸಂಖ್ಯೆ ಇರಲಿ, 7ರ ಬದಲು 0007 ಅಂತ ಬರೆದರೆ ಜೋಡಿಸುವುದು ಸುಲಭ.

ಪ್ರಶ್ನೆ: ಹೀಗೆ ಮಾಡಿದ ಅನುವಾದವನ್ನು ಆನ್‌ಲೈನ್‌ನಲ್ಲಿ ಹಂಚಿಕೊಳ್ಳಬಹುದಾ? (ಓದುಗರೊಬ್ಬರು, ಅಬುಧಾಬಿ)

ಒಪ್ಪಿಗೆ ಇಲ್ಲದೆ ಬೇಡ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಅನುವಾದದ ಹಕ್ಕೂ ಮೂಲ ಕೃತಿಯ ಹಕ್ಕುದಾರರದೇ. ಯಂತ್ರದಿಂದ ಮಾಡಿಸಿದರೂ ಅದು ಅನುವಾದವೇ. ನಿಮ್ಮ ಪಾಡಿಗೆ ಓದಲು ಇಟ್ಟುಕೊಳ್ಳುವುದು ಬೇರೆ, ಎಲ್ಲರಿಗೂ ಸಿಗುವಂತೆ ಹಾಕುವುದು ಬೇರೆ. ನೀವು ಇರುವ ದೇಶದ ಕಾನೂನನ್ನೂ ನೋಡಿಕೊಳ್ಳಬೇಕು. ಹಂಚಲೇಬೇಕು ಅಂತಿದ್ದರೆ ಹಕ್ಕು ಮುಗಿದ ಹಳೆಯ ಕಾದಂಬರಿ ಆರಿಸಿ. ಭಾರತದಲ್ಲಿ ಲೇಖಕರು ತೀರಿಹೋದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ, ಅಂದರೆ 1965ರಲ್ಲಿ ತೀರಿಹೋದವರು ಬದುಕಿದ್ದಾಗ ಪ್ರಕಟಿಸಿದ ಪುಸ್ತಕಗಳು 2026ರ ಜನವರಿ 1ರಿಂದ ಮುಕ್ತ. ಆದರೆ ಅದನ್ನು ಹಾಕುವ ಮುಂಚೆ ಸಾಲು ಸಾಲು ಕೂತು ತಿದ್ದಿ. ಓದುವವರಿಗೆ ನಿಮ್ಮ ಗ್ಲಾಸರಿ ಕಾಣುವುದಿಲ್ಲ, ಕನ್ನಡ ಮಾತ್ರ ಕಾಣುತ್ತದೆ.