ಗ್ರಿಮ್ಸ್‌ಬಿಗೆ ಎದುರಾಳಿ ಯಾರು?

ಪ್ರಶ್ನೆ: 2025ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ನಾಲ್ಕನೇ ದರ್ಜೆಯ ಫುಟ್‌ಬಾಲ್ ತಂಡವಾದ ಗ್ರಿಮ್ಸ್‌ಬಿ ಟೌನ್ ಲೀಗ್ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಪೆನಾಲ್ಟಿಯಲ್ಲಿ 12–11ರಿಂದ ಸೋಲಿಸಿದ ಸುದ್ದಿ ಓದಿದಾಗಿನಿಂದ ಆ ತಂಡದ ಮೇಲೆ ಅಕ್ಕರೆ ಹುಟ್ಟಿದೆ. ಲಿವರ್‌ಪೂಲ್‌ಗೆ ಎವರ್ಟನ್ ಇರುವಂತೆ ಗ್ರಿಮ್ಸ್‌ಬಿಗೂ ಬದ್ಧ ಎದುರಾಳಿ ಎಂಬ ತಂಡವೊಂದು ಇದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಂದಲ್ಲ, ಮೂರು ಇವೆ: ಸ್ಕನ್‌ಥಾರ್ಪ್ ಯುನೈಟೆಡ್, ಲಿಂಕನ್ ಸಿಟಿ ಮತ್ತು ಹಲ್ ಸಿಟಿ. ಇವುಗಳಲ್ಲಿ ಯಾವುದರ ಮೇಲೆ ಜಿದ್ದು ಹೆಚ್ಚು ಎಂಬುದಕ್ಕೆ ಅಭಿಮಾನಿಯ ವಯಸ್ಸನ್ನೂ ಆಯಾ ಕಾಲದಲ್ಲಿ ಯಾವ ತಂಡ ಯಾವ ದರ್ಜೆಯಲ್ಲಿತ್ತು ಎಂಬುದನ್ನೂ ನೋಡಿಯೇ ಉತ್ತರ ಹೇಳಬೇಕಾಗುತ್ತದೆ.

ಮೊದಲು ಊರನ್ನು ನೋಡೋಣ. ತಂಡದ ಮೈದಾನವಾದ ಬ್ಲಂಡೆಲ್ ಪಾರ್ಕ್ ಗ್ರಿಮ್ಸ್‌ಬಿಯಲ್ಲಿಲ್ಲ, ಅದಕ್ಕೆ ಅಂಟಿಕೊಂಡಿರುವ ಕ್ಲೀಥಾರ್ಪ್ಸ್ ಎಂಬ ಕಡಲತೀರದ ಊರಿನಲ್ಲಿದೆ. ಅಲ್ಲಿನ ಎತ್ತರದ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಕುಳಿತವರಿಗೆ ಆಟದ ಜೊತೆಗೆ ಹಂಬರ್ ಅಳಿವೆಯಲ್ಲಿ ಸಾಗುವ ಹಡಗುಗಳೂ ಕಾಣುತ್ತವೆ. ಆ ಅಳಿವೆಯ ಆಚೆ ದಡದಲ್ಲಿರುವುದೇ ಹಲ್ ನಗರ. ಎರಡೂ ಊರುಗಳು ದೂರದ ಕಡಲಿಗೆ ಹೋಗಿ ಮೀನು ಹಿಡಿದು ಬದುಕಿದಂಥವು. ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆಯ ಗಡಿಯನ್ನು 200 ಮೈಲಿಗೆ ವಿಸ್ತರಿಸಿ, 1976ರಲ್ಲಿ ಬ್ರಿಟನ್ ಅದಕ್ಕೆ ತಲೆಬಾಗಿದಾಗ ಎರಡರ ಹೊಟ್ಟೆಯ ಮೇಲೂ ಹೊಡೆತ ಬಿತ್ತು. ಇದರ ನಡುವೆ 1974ರಲ್ಲಿ ಸರ್ಕಾರವು ಅಳಿವೆಯ ಎರಡೂ ದಡಗಳನ್ನು ಸೇರಿಸಿ ಹಂಬರ್‌ಸೈಡ್ ಎಂಬ ಹೊಸ ಕೌಂಟಿಯನ್ನು (ನಮ್ಮ ಜಿಲ್ಲೆಯಂಥದ್ದು) ರಚಿಸಿತು. ಶತಮಾನಗಳಿಂದ ಲಿಂಕನ್‌ಶೈರ್ ಕೌಂಟಿಯವರಾಗಿದ್ದ ಗ್ರಿಮ್ಸ್‌ಬಿಯ ಜನರಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ. 1981ರಲ್ಲಿ ಹಂಬರ್ ಸೇತುವೆ ತೆರೆದು ದಾರಿ ಹತ್ತಿರವಾಯಿತಾದರೂ ಮನಸ್ಸುಗಳು ಬೆಸೆಯಲಿಲ್ಲ. 1996ರಲ್ಲಿ ಆ ಕೌಂಟಿಯೇ ರದ್ದಾಯಿತು. ಹಲ್ ಮೇಲಿನ ಮುನಿಸಿನಲ್ಲಿ ಫುಟ್‌ಬಾಲ್‌ಗಿಂತ ಈ ಇತಿಹಾಸದ ಪಾಲೇ ದೊಡ್ಡದು ಎಂದು ನನಗೆ ತೋರುತ್ತದೆ, ಏಕೆಂದರೆ 2008ರಲ್ಲಿ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್ ಸೇರುವಷ್ಟು ಎತ್ತರಕ್ಕೆ ಹಲ್ ಏರಿದ ಮೇಲೆ ಇಬ್ಬರೂ ಮುಖಾಮುಖಿಯಾಗುವುದೇ ಅಪರೂಪವಾಯಿತು.

ಸ್ಕನ್‌ಥಾರ್ಪ್‌ನ ಮಾತು ಬೇರೆ. ಅದು ಉಕ್ಕಿನ ಕಾರ್ಖಾನೆಯ ಊರು, ತಂಡದ ಅಡ್ಡಹೆಸರೇ ‘ದಿ ಐರನ್’. ಅಲ್ಲಿಯವರು ಗ್ರಿಮ್ಸ್‌ಬಿಯವರನ್ನು ‘ಕಾಡ್‌ಹೆಡ್ಸ್’, ಅಂದರೆ ಮೀನುತಲೆಯವರು, ಎಂದು ಹಂಗಿಸುತ್ತಾರೆ. ಆದರೆ ಮೀನಿನ ಹೆಸರೆತ್ತಿದರೆ ನಾಚುವ ಜನ ಗ್ರಿಮ್ಸ್‌ಬಿಯವರಲ್ಲ: 1989ರ ಎಫ್‌ಎ ಕಪ್ ಪಂದ್ಯಕ್ಕೆ ವಿಂಬಲ್ಡನ್ ಫುಟ್‌ಬಾಲ್ ತಂಡದ ಮೈದಾನಕ್ಕೆ ಹೋದಾಗ ಗಾಳಿ ತುಂಬಿದ ಹ್ಯಾಡಕ್ ಮೀನಿನ ಬೊಂಬೆಗಳನ್ನು ಎತ್ತಿ ಹಿಡಿದು ಗ್ಯಾಲರಿಯನ್ನೇ ತುಂಬಿದವರು. ಬೈಗುಳವನ್ನೇ ಬಾವುಟ ಮಾಡಿಕೊಂಡ ಆ ಛಲ ನನಗೆ ಬಹಳ ಇಷ್ಟ.

ಲಿಂಕನ್ ಜೊತೆಗಿನದು ಲಿಂಕನ್‌ಶೈರ್ ಕೌಂಟಿಯೊಳಗಿನ ಹಳೆಯ ಪೈಪೋಟಿ. ಕಷ್ಟಕಾಲದಲ್ಲಿ ಇವರಿಬ್ಬರೂ ಒಟ್ಟಿಗಿದ್ದವರು. 2010ರಲ್ಲಿ ಗ್ರಿಮ್ಸ್‌ಬಿ, 2011ರಲ್ಲಿ ಲಿಂಕನ್, ನಾಲ್ಕನೇ ದರ್ಜೆಗೇ ಕೊನೆಯಾಗುವ ಫುಟ್‌ಬಾಲ್ ಲೀಗ್‌ನಿಂದಲೇ ಹೊರಬಿದ್ದು, ಐದನೇ ದರ್ಜೆಯಲ್ಲಿ ವರ್ಷಗಟ್ಟಲೆ ಪರಸ್ಪರ ಸೆಣಸಿದವು. ಗ್ರಿಮ್ಸ್‌ಬಿ 2016ರಲ್ಲಿ, ಲಿಂಕನ್ ಅದರ ಮರುವರ್ಷ ಮೇಲೆ ಬಂದವು. 2019ರಲ್ಲಿ ಲಿಂಕನ್ ಮೂರನೇ ದರ್ಜೆಗೆ ಏರಿ ಇವರನ್ನು ಹಿಂದೆ ಬಿಟ್ಟಿತು.

ನಿಮ್ಮ ಪ್ರಶ್ನೆಗೆ ಒಂದೇ ಹೆಸರು ಹೇಳಬೇಕೆಂದರೆ ನಾನು ಸ್ಕನ್‌ಥಾರ್ಪ್ ಎನ್ನುತ್ತೇನೆ. 2021ರಲ್ಲಿ ಗ್ರಿಮ್ಸ್‌ಬಿ ಮತ್ತೆ ಐದನೇ ದರ್ಜೆಗೆ ಇಳಿದು, ಒಂದೇ ವರ್ಷದಲ್ಲಿ ಬಡ್ತಿ ನಿರ್ಧರಿಸುವ ಪ್ಲೇ-ಆಫ್ ಗೆದ್ದು ಮರಳಿತು. ಅದೇ 2022ರಲ್ಲಿ ಸ್ಕನ್‌ಥಾರ್ಪ್ ನಾಲ್ಕನೇ ದರ್ಜೆಯಿಂದ ಜಾರಿತು. ಒಬ್ಬರು ಮೆಟ್ಟಿಲು ಹತ್ತುವಾಗ ಇನ್ನೊಬ್ಬರು ಇಳಿಯುತ್ತಿದ್ದರು, ಹಾಗಾಗಿ ಲೀಗ್‌ನಲ್ಲಿ ಎದುರಾಗುವ ಯೋಗ ತಪ್ಪಿಹೋಯಿತು. 2023ರಲ್ಲಿ ಆರನೇ ದರ್ಜೆಗೆ ಕುಸಿದಿದ್ದ ಸ್ಕನ್‌ಥಾರ್ಪ್ 2025ರಲ್ಲಿ ಐದನೆಯದಕ್ಕೆ ಮರಳಿದಾಗ, ಎರಡೂ ತಂಡಗಳ ನಡುವೆ ಉಳಿದದ್ದು ಒಂದೇ ಮೆಟ್ಟಿಲು.