ಮೂವತ್ತು ದಾಟಿದ ಮೇಲೆ ಮೊಡವೆ: ಮೊದಲು ಟ್ಯೂಬಿನ ಹಿಂದೆ ಓದಿ

ನಿಮಗೆ 33 ವರ್ಷ. ಗದ್ದ, ದವಡೆಯ ಸುತ್ತ ಗಟ್ಟಿ ಮೊಡವೆ. ಗೆಳತಿ ಹೇಳಿದ ಕ್ರೀಮ್ ಹಚ್ಚಿದರೆ ನಾಲ್ಕೇ ದಿನಕ್ಕೆ ಮುಖ ತಿಳಿಯಾಯಿತು, ಬಿಟ್ಟರೆ ಎರಡು ಪಟ್ಟು ಬಂತು, ಈಗ ಉರಿ ಬೇರೆ. ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ, ಮೆಡಿಕಲ್ ಸ್ಟೋರ್ ನಡೆಸುವವನು. ಆದರೆ 'ನಾಲ್ಕೇ ದಿನ' ಅಂತ ಓದಿದ ಕೂಡಲೇ ನನಗೆ ಅನುಮಾನ ಬಂದದ್ದು ಸ್ಟೆರಾಯ್ಡ್ ಮೇಲೆ, ಅಂದರೆ ಊತ, ಕೆಂಪನ್ನು ಬೇಗ ಅಡಗಿಸುವ ಔಷಧಿಯ ಮೇಲೆ. ಮೊಡವೆಯ ನಿಜವಾದ ಔಷಧಿ ಯಾವುದೂ ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಇದ್ದರೆ ಅದು ಸ್ಟೆರಾಯ್ಡೇ. ಕೆಂಪು, ಊತ ತಕ್ಷಣ ಇಳಿಯುತ್ತದೆ, ಅದಕ್ಕೇ ಜನ ಮರುಳಾಗುತ್ತಾರೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳ ಕಾಣುತ್ತವೆ, ಮೊಡವೆಯೂ ಅದರಿಂದಲೇ ಬರುತ್ತದೆ. ಬಿಟ್ಟಾಗ ಇನ್ನೂ ಕೆರಳುತ್ತದೆ. ಆಗ ಮತ್ತೆ ಅದೇ ಟ್ಯೂಬ್ ಕೊಳ್ಳುವುದು! 2018ರಲ್ಲಿ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಎಂದಿತು. ಆದರೂ ಇವನ್ನೇ 'ಬೆಳ್ಳಗಾಗೋ ಕ್ರೀಮ್ ಕೊಡಿ' ಅಂತ ಹೆಸರು ಹಿಡಿದು ಕೇಳುವವರು ಬರುತ್ತಲೇ ಇರುತ್ತಾರೆ.

ನಿಮ್ಮದು ಸ್ಟೆರಾಯ್ಡ್ ಅಂತ ಗೊತ್ತಾದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ತುಂಬಾ ದಿನ ಹಚ್ಚಿದ್ದರೆ ಅವರು ನಿಧಾನವಾಗಿ ಬಿಡಿಸಬಹುದು.

ಇನ್ನು ಮೊಡವೆಯ ಮಾತು. ಈ ವಯಸ್ಸಿನಲ್ಲಿ ದವಡೆಯ ಸುತ್ತ, ಅದೂ ಮುಟ್ಟಿನ ಮುಂಚೆ ಜಾಸ್ತಿಯಾದರೆ ಹಾರ್ಮೋನ್ ಕಾರಣ ಇರಬಹುದು. ಮುಟ್ಟು ಏರುಪೇರಾಗಿ, ಗದ್ದದ ಮೇಲೆ ಕೂದಲೂ ಬರುತ್ತಿದ್ದರೆ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ) ಇದೆಯಾ ಅಂತ ನೋಡಿಸಿ. 'ಉಷ್ಣ ಜಾಸ್ತಿ ಆಗಿದೆ' ಅಂತ ರಕ್ತಶುದ್ಧಿ ಟಾನಿಕ್ ಕುಡಿದು ಕೂರಬೇಡಿ. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆ ಎದ್ದು ತುರಿಸುತ್ತಿದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಮಲಸೇಜಿಯಾ ಅನ್ನುವ ಶಿಲೀಂಧ್ರ ಹೀಗೆ ಮಾಡುತ್ತದೆ. ಅದಕ್ಕೆ ಆ್ಯಂಟಿಬಯೋಟಿಕ್ ತಿಂದರೆ ಇನ್ನೂ ಹೆಚ್ಚಬಹುದು, ಬೇಕಾದದ್ದು ಫಂಗಸ್ ಔಷಧಿ.

ಮಾಮೂಲಿ ಮೊಡವೆಗೆ ಡಾಕ್ಟರುಗಳು ಹೆಚ್ಚಾಗಿ ಬರೆಯುವುದು ಹಚ್ಚುವ ಔಷಧಿಗಳಾದ ಬೆಂಜಾಯ್ಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್. ಮೊದಲನೆಯದು ಟವೆಲ್, ದಿಂಬಿನ ಕವರಿನ ಬಣ್ಣ ತೆಗೆಯುತ್ತದೆ, ಹಳೆಯ ಟವೆಲ್, ಕವರನ್ನೇ ಬಳಸಿ. ಅಡಾಪಲೀನ್ ರಾತ್ರಿ ಹೊತ್ತು, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಮೊದಲ ಕೆಲವು ವಾರ ಮುಖ ಒಣಗಿ ಸಿಪ್ಪೆ ಏಳುತ್ತದೆ. ಬಹಳಷ್ಟು ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಹಗಲು ಸನ್‌ಸ್ಕ್ರೀನ್ ತಪ್ಪಿಸಬೇಡಿ.

ಡಾಕ್ಟರ್ ಹತ್ತಿರ ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬ್ ತೆಗೆದುಕೊಂಡು ಹೋಗಿ, ಖಾಲಿಯಾದದ್ದೂ ಸೇರಿ. ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿ. ಜೋರು ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತುಂಬಾ ಅಪಾಯ, ಅಡಾಪಲೀನನ್ನೂ ಬಸುರಿಯರಿಗೆ ಕೊಡುವುದಿಲ್ಲ.